ಬೆಳೆದ ಮಕ್ಕಳ ಜೊತೆ ಹಬ್ಬದ ಊಟ, ರಜೆಯ ಪ್ರವಾಸ: ಕರೆಯುವ ಮುಂಚೆ ಒಂದು ಮಾತು ಕೇಳಿ

ಮಕ್ಕಳು ಚಿಕ್ಕವರಿದ್ದಾಗ ಹಬ್ಬ, ರಜೆ, ಪ್ರವಾಸ ಎಲ್ಲವೂ ನಮ್ಮ ಕೈಯಲ್ಲೇ ಇತ್ತು. "ನಾಳೆ ಬೆಳಿಗ್ಗೆ ಆರಕ್ಕೆ ಹೊರಡಬೇಕು" ಅಂದರೆ ಆಯಿತು, ಎಬ್ಬಿಸಿ, ಸ್ನಾನ ಮಾಡಿಸಿ, ನಿದ್ದೆಗಣ್ಣಲ್ಲೇ ಗಾಡಿಯಲ್ಲಿ ಕೂರಿಸಿಕೊಂಡು ಹೊರಟುಬಿಡುತ್ತಿದ್ದೆವು. ಈಗ ಅದೇ ಮಕ್ಕಳಿಗೆ ಅವರದೇ ಕೆಲಸ ಇದೆ, ಅವರದೇ ಮನೆ ಇದೆ, ಗಂಡನೋ ಹೆಂಡತಿಯೋ ಇದ್ದಾರೆ, ಆ ಕಡೆಯ ಅಪ್ಪ ಅಮ್ಮ ಇದ್ದಾರೆ. ಆದರೂ ನಮ್ಮಲ್ಲಿ ತುಂಬಾ ಜನ ಹಳೆಯ ರೀತಿಯಲ್ಲೇ ಪ್ಲಾನ್ ಮಾಡುತ್ತೇವೆ.

ನಾನೂ ಹಾಗೇ ಮಾಡುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಎಂಟು ದಿನದ ಪ್ರವಾಸಕ್ಕೆ ಎಲ್ಲರ ಟಿಕೆಟನ್ನೂ ನಾನೇ ಬುಕ್ ಮಾಡಿ, ಆಮೇಲೆ ಫೋನ್ ಮಾಡಿ ಖುಷಿಯಿಂದ ಹೇಳಿದೆ. ಮಗಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಅಮ್ಮಾ, ಆ ವಾರ ನಂಗೆ ರಜೆ ಸಿಗಲ್ಲ, ಮೊದಲೇ ಒಂದು ಮಾತು ಕೇಳಬಾರದಿತ್ತಾ?" ಅಂದಳು. ಹೇಗೋ ಬಂದಳು. ಆದರೆ ನಾವೆಲ್ಲ ಸುತ್ತಾಡುವಾಗ ಅವಳು ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ನನಗೆ ಬೇಜಾರಾಗಿತ್ತು, ಇಷ್ಟೆಲ್ಲ ಖರ್ಚು ಮಾಡಿದ್ದೇನೆ ಅಂತ. ಅವಳಿಗೆ ಅದಕ್ಕಿಂತ ಜಾಸ್ತಿ ಬೇಜಾರಾಗಿತ್ತು ಅನ್ನೋದು ಗೊತ್ತಾಗಲು ನನಗೆ ಸುಮಾರು ದಿನ ಹಿಡಿಯಿತು.

ಆಮೇಲೆ ಒಂದು ಸಲ ಕೂತು ಲೆಕ್ಕ ಹಾಕಿದೆ. ದೂರದಲ್ಲಿರುವ ಮಗ ವರ್ಷಕ್ಕೆ 2 ಸಲ, ಪ್ರತಿ ಸಲ 4 ದಿನ ಬರುತ್ತಾನೆ ಅಂದುಕೊಳ್ಳಿ. ವರ್ಷಕ್ಕೆ 8 ದಿನ. ಇನ್ನು 20 ವರ್ಷ ಹೀಗೇ ನಡೆದರೂ ಎಲ್ಲ ಸೇರಿ 160 ದಿನ, ಅಂದರೆ ಆರು ತಿಂಗಳೂ ಆಗುವುದಿಲ್ಲ. ಆ ದಿನಗಳನ್ನು ಮುನಿಸಿಕೊಂಡು ಕಳೆಯಲು ನನಗೆ ಇಷ್ಟವಿಲ್ಲ. ನಿಮಗೂ ಇರಲಿಕ್ಕಿಲ್ಲ. ಹಾಗಾಗಿ ತಪ್ಪು ಮಾಡುತ್ತಾ, ತಿದ್ದಿಕೊಳ್ಳುತ್ತಾ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ತಾರೀಖು ಹೇಳಬೇಡಿ, ಕೇಳಿ

ಮೂರು ನಾಲ್ಕು ತಿಂಗಳು ಮುಂಚೆ ಶುರು ಮಾಡಿ. "ಹಬ್ಬಕ್ಕೆ ಬರ್ತೀಯಲ್ಲಾ?" ಅಂತ ಕೇಳಿದರೆ ಅದು ಪ್ರಶ್ನೆ ಆಗುವುದಿಲ್ಲ, ಇಲ್ಲ ಅನ್ನಲು ಅದರಲ್ಲಿ ಜಾಗವೇ ಇಲ್ಲ. ಅದರ ಬದಲು ಎರಡು ಮೂರು ತಾರೀಖು ಮುಂದಿಡಿ: "ಈ ಮೂರರಲ್ಲಿ ನಿನಗೆ ಯಾವುದು ಆಗುತ್ತೆ? ಯಾವುದೂ ಆಗದಿದ್ದರೆ ನೀನೇ ಒಂದು ಹೇಳು." ಉತ್ತರ ಯಾವತ್ತಿನ ಒಳಗೆ ಬೇಕು ಅಂತಲೂ ಹೇಳಿಬಿಡಿ, ಇಲ್ಲದಿದ್ದರೆ ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಾ ಕೂರುತ್ತಾರೆ.

ಮೊದಲ ಮಾತು ಒಬ್ಬೊಬ್ಬರ ಹತ್ತಿರ ಬೇರೆ ಬೇರೆಯಾಗಿ ಆಡಿ, ಫ್ಯಾಮಿಲಿ ಗ್ರೂಪಿಗೆ ಆಮೇಲೆ ಹಾಕಿದರೆ ಸಾಕು. ಗ್ರೂಪಿನಲ್ಲಿ ಅಣ್ಣ ತಕ್ಷಣ ಹೂಂ ಅಂದಮೇಲೆ ತಂಗಿಗೆ ತನ್ನ ಕಷ್ಟ ಹೇಳಿಕೊಳ್ಳೋದು ಕಷ್ಟ. ಥಂಬ್ಸ್ ಅಪ್ ಇಮೋಜಿ ಒತ್ತಿ ಸುಮ್ಮನಾಗುತ್ತಾಳೆ, ಬರುವ ಹಿಂದಿನ ವಾರ ಆಗಲ್ಲ ಅನ್ನುತ್ತಾಳೆ.

ಬೀಗರ ವಿಷಯ ಮರೆಯಬೇಡಿ. ಅವರಿಗೂ ಮಗ ಮಗಳು ಬರಲಿ ಅಂತ ಅಷ್ಟೇ ಆಸೆ ಇರುತ್ತದೆ. ಹಬ್ಬದ ದಿನವೇ ಬರಬೇಕು ಅಂತ ನಾವೂ ಹಟ ಹಿಡಿದು, ಅವರೂ ಹಟ ಹಿಡಿದರೆ ನಡುವೆ ಸಿಕ್ಕಿಕೊಳ್ಳುವುದು ಆ ಗಂಡ ಹೆಂಡತಿ. ನಮ್ಮ ಮನೆಯಲ್ಲಿ ಈಗ ಒಂದು ವರ್ಷ ಅವರ ಕಡೆ, ಒಂದು ವರ್ಷ ನಮ್ಮ ಕಡೆ. ಅವರ ಸರದಿಯ ವರ್ಷ ನಾವು ಹಬ್ಬ ಆದ ಮೇಲಿನ ಶನಿವಾರ ಸೇರುತ್ತೇವೆ. ಮೊದಲ ವರ್ಷ ಹೇಗೋ ಅನ್ನಿಸಿತ್ತು, ನಿಜ. ಎರಡನೇ ವರ್ಷಕ್ಕೆ ರೂಢಿಯಾಯಿತು. ದಾರಿಯಲ್ಲಿ ರಶ್ ಕಡಿಮೆ, ಟಿಕೆಟ್ಟೂ ಸುಲಭವಾಗಿ ಸಿಗುತ್ತದೆ, ಬರುವವರ ಮುಖದಲ್ಲಿ ಓಡಿಬಂದ ಸುಸ್ತು ಇರುವುದಿಲ್ಲ.

ಇನ್ನೊಂದು. ಯಾವಾಗ ಶುರು ಅನ್ನುವಷ್ಟೇ ಸ್ಪಷ್ಟವಾಗಿ ಯಾವಾಗ ಮುಗಿಯುತ್ತದೆ ಅಂತಲೂ ಹೇಳಿ. "ಭಾನುವಾರ ಮಧ್ಯಾಹ್ನದ ಊಟ ಆದಮೇಲೆ ಹೊರಡುವವರು ಹೊರಡಬಹುದು" ಅಂತ ಮೊದಲೇ ಗೊತ್ತಿದ್ದರೆ "ಇಷ್ಟು ಬೇಗ ಹೊರಟ್ಯಾ?" ಅನ್ನುವ ಮಾತೇ ಬರುವುದಿಲ್ಲ.

ಹೆಜ್ಜೆ 2: ದುಡ್ಡಿನ ಮಾತು ಮೊದಲೇ ಮುಗಿಸಿ

ನಮ್ಮಂಥವರಿಗೆ ಮಕ್ಕಳ ಹತ್ತಿರ ದುಡ್ಡಿನ ಮಾತಾಡಲು ಸಂಕೋಚ. ಆ ಸಂಕೋಚದಿಂದಲೇ ಎಷ್ಟೋ ಪ್ರವಾಸಗಳು ಕೆಟ್ಟಿವೆ. ಬುಕ್ಕಿಂಗ್ ಮಾಡುವ ಮುಂಚೆಯೇ ಯಾರು ಏನು ಕೊಡುತ್ತಾರೆ ಅಂತ ಮಾತಾಡಿಬಿಡಿ. ಓಡಾಟದ ಖರ್ಚು ಅವರವರದು, ಉಳಿಯುವ ಜಾಗದ್ದು ನಮ್ಮದು, ಊಟದ್ದು ಸರದಿ ಪ್ರಕಾರ, ಹೀಗೆ ಯಾವುದಾದರೂ ಸರಿ, ಎಲ್ಲರಿಗೂ ಒಂದೇ ರೀತಿ ಅರ್ಥವಾಗಿರಬೇಕು ಅಷ್ಟೇ.

ಅಕ್ಕ ತಮ್ಮಂದಿರ ಸಂಬಳ ಒಂದೇ ಆಗಿರುವುದಿಲ್ಲ. ಯಾರ ಕೈಯಲ್ಲಿ ದುಡ್ಡು ಕಡಿಮೆಯೋ ಅವರಿಗೆ ಎಷ್ಟು ಆಗುತ್ತದೋ ಅಷ್ಟಕ್ಕೇ ಪ್ಲಾನ್ ನಿಲ್ಲಿಸಿ. ಆ ವಿಷಯ ಅವರ ಹತ್ತಿರ ಮಾತ್ರ ಕೇಳಿ, ಇನ್ನೊಬ್ಬ ಮಗನಿಗೆ ಹೇಳಬೇಡಿ. "ಪಾಪ, ಅವನಿಗೆ ಕಷ್ಟ ಅಲ್ವಾ, ಅದಕ್ಕೇ ಚಿಕ್ಕ ಹೋಟೆಲ್" ಅಂತ ನಾವು ಪ್ರೀತಿಯಿಂದಲೇ ಹೇಳಿರುತ್ತೇವೆ. ಕೇಳಿಸಿಕೊಂಡವನಿಗೆ ಅದು ಎಲ್ಲರ ಮುಂದೆ ಮಾನ ಹೋದ ಹಾಗೆ.

ನೀವೇ ಎಲ್ಲ ಕೊಡುತ್ತೀರಾ? ಕೊಡಿ, ತುಂಬಾ ಒಳ್ಳೆಯದು. ಆದರೆ ದುಡ್ಡು ಕೊಟ್ಟೆ ಅಂತ ಅವರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಲ್ಲವನ್ನೂ ಕೊಂಡುಕೊಂಡ ಹಾಗೆ ಆಗಬಾರದು.

ಹೆಜ್ಜೆ 3: ಎಲ್ಲಿ ಮಲಗುತ್ತಾರೆ?

ಚಿಕ್ಕ ಪ್ರಶ್ನೆ, ಆದರೆ ಕೇಳಲೇಬೇಕಾದದ್ದು. ಮದುವೆಯಾದ ಮಗ ಸೊಸೆಯನ್ನು ಹಾಲ್‌ನಲ್ಲಿ ಮಲಗಿಸಿ ನಾವು ರೂಮಿನ ಬಾಗಿಲು ಹಾಕಿಕೊಳ್ಳೋದು ಸರಿಯಲ್ಲ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಜಾಗ ಪ್ರತಿ ಜೋಡಿಗೂ ಬೇಕು. ಮನೆಯಲ್ಲಿ ಜಾಗ ಸಾಲದಿದ್ದರೆ ಹತ್ತಿರದಲ್ಲೇ ಬೇರೆ ಕಡೆ ರೂಮ್ ಮಾಡುತ್ತೇವೆ ಅಂತ ಅವರು ಅಂದರೆ ಮುಖ ಸಣ್ಣ ಮಾಡಿಕೊಳ್ಳಬೇಡಿ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಬಂದವರು ಹಗಲು ಚೆನ್ನಾಗಿ ಮಾತಾಡುತ್ತಾರೆ.

ಹೆಜ್ಜೆ 4: ಊಟ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ವಾರಕ್ಕೆ ಮುಂಚೆ ಎಲ್ಲರನ್ನೂ ಕೇಳಿ, ಯಾರು ಏನು ತಿನ್ನುವುದಿಲ್ಲ, ಯಾರಿಗೆ ಏನು ಆಗಿಬರುವುದಿಲ್ಲ ಅಂತ. ಇಷ್ಟವಿಲ್ಲ ಅನ್ನೋದು ಬೇರೆ, ಅಲರ್ಜಿ ಅನ್ನೋದು ಬೇರೆ. ಅಲರ್ಜಿ ಇರುವವರಿಗೆ "ಚೂರೇ ಚೂರು ಹಾಕಿದ್ದೀನಿ, ಏನೂ ಆಗಲ್ಲ" ಅನ್ನುವ ಮಾತು ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು. ಅವರ ಅಡುಗೆಗೆ ಪಾತ್ರೆ, ಸೌಟು, ಚಾಕು ಎಲ್ಲ ಬೇರೆ ಇಡಿ. ಮಗಳು ಚಿಕ್ಕವಳಿದ್ದಾಗ ಇಷ್ಟಪಡುತ್ತಿದ್ದದ್ದು ಈಗಲೂ ಇಷ್ಟ ಅಂತ ತಿಳಿದುಕೊಳ್ಳಬೇಡಿ, ಹದಿನೈದು ವರ್ಷದಲ್ಲಿ ನಾಲಿಗೆ ಬದಲಾಗಿರುತ್ತದೆ.

ಎಲ್ಲ ಅಡುಗೆ ನಾನೇ ಮಾಡುತ್ತೇನೆ ಅನ್ನೋದನ್ನು ಬಿಡಿ. ದಿನವಿಡೀ ಒಲೆ ಮುಂದೆ ನಿಂತು, ಎಲ್ಲರೂ ನಗುತ್ತಿರುವಾಗ ನಾನೊಬ್ಬಳೇ ಸುಸ್ತಾಗಿ ಕೂತ ಹಬ್ಬಗಳು ಎಷ್ಟೋ ಇವೆ. ಮಕ್ಕಳಿಗೆ ಕೆಲಸ ಕೊಡಿ, ಆದರೆ ತರಕಾರಿ ಹೆಚ್ಚಿಕೊಡುವ ಕೆಲಸ ಅಲ್ಲ, ಒಂದು ಪದಾರ್ಥವನ್ನು ಪೂರ್ತಿ ಅವರಿಗೇ ಬಿಟ್ಟುಬಿಡಿ. ಏನು ಮಾಡುತ್ತಾರೆ, ಹೇಗೆ ಮಾಡುತ್ತಾರೆ, ಎಷ್ಟು ಖಾರ, ಎಲ್ಲ ಅವರ ತೀರ್ಮಾನ. ಹಿಂದೆ ನಿಂತು "ಇನ್ನೂ ಸ್ವಲ್ಪ ಬೇಯಲಿ" ಅನ್ನಬೇಡಿ. ನನಗೆ ಇದು ತುಂಬಾ ಕಷ್ಟವಾಯಿತು. ಅಳಿಯ ಅಡುಗೆ ಮಾಡುವಾಗ ನಾನು ಹೊರಗೆ ಗಿಡಗಳಿಗೆ ನೀರು ಹಾಕಲು ಹೋಗುತ್ತಿದ್ದೆ, ಒಳಗೆ ಇದ್ದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಈಗ ಅವನು ಮಾಡುವುದನ್ನು ಮೊಮ್ಮಕ್ಕಳು ಕಾಯುತ್ತಾರೆ.

ಅಡುಗೆ ಜಾಸ್ತಿ, ಜನ ಜಾಸ್ತಿ, ಊಟ ಮಧ್ಯಾಹ್ನದಿಂದ ಸಂಜೆವರೆಗೆ ಎಳೆಯುತ್ತದೆ. ಹೊಟ್ಟೆ ಕೆಡುವುದು ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ನಿಯಮ ಸುಲಭವಾಗಿದೆ: ಬೇಯಿಸಿದ ಅಡುಗೆಯನ್ನು ಹೊರಗೆ 2 ಗಂಟೆಗಿಂತ ಜಾಸ್ತಿ ಬಿಡಬಾರದು. ಬಿಸಿಯಾಗಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ಫ್ರಿಜ್ಜಿನಲ್ಲಿ 5 ಡಿಗ್ರಿಗಿಂತ ಕೆಳಗಿರಬೇಕು. ನಡುವಿನ ಬಿಸಿಯಲ್ಲೇ ಬ್ಯಾಕ್ಟೀರಿಯಾ ಬೇಗ ಬೆಳೆಯುವುದು. ಹಾಗಾಗಿ ಎಲ್ಲರೂ ಎದ್ದ ತಕ್ಷಣ ಉಳಿದದ್ದನ್ನು ಅಗಲವಾದ, ಆಳ ಕಡಿಮೆ ಇರುವ ಡಬ್ಬಿಗಳಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ದೊಡ್ಡ ಪಾತ್ರೆಯಲ್ಲೇ ಇಟ್ಟರೆ ಒಳಗಿನದು ತಣ್ಣಗಾಗಲು ತುಂಬಾ ಹೊತ್ತು ಬೇಕು. ಮತ್ತೆ ಬಿಸಿ ಮಾಡುವಾಗ ಸುತ್ತ ಮಾತ್ರ ಅಲ್ಲ, ನಡುವೆಯೂ ಹಬೆಯಾಡಬೇಕು.

ಮೊಮ್ಮಕ್ಕಳಿದ್ದರೆ ಇನ್ನೆರಡು ವಿಷಯ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ, ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಐದು ವರ್ಷದೊಳಗಿನವರಿಗೆ ಇಡೀ ಬಾದಾಮಿ, ಗೋಡಂಬಿಯಂಥ ಕಾಳುಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ನಮ್ಮ ಕಾಲದಲ್ಲಿ ಕೊಡುತ್ತಿದ್ದೆವು ಅನ್ನುವ ಮಾತು ಬೇಡ, ಮಗುವಿನ ಅಮ್ಮ ಬೇಡ ಅಂದರೆ ಬೇಡ.

ಕೂರುವ ವಿಷಯಕ್ಕೆ ಬರೋಣ. ಒಂದೇ ಮಾತುಕತೆಯಲ್ಲಿ ಸಾಮಾನ್ಯವಾಗಿ ನಾಲ್ಕು ಜನಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ, ಐದನೆಯವರು ಬಂದರೆ ಅದು ಎರಡಾಗಿ ಒಡೆಯುತ್ತದೆ ಅಂತ ಮನಶ್ಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಮತ್ತು ಜೊತೆಗಾರರು 1995ರಲ್ಲಿ ಬರೆದಿದ್ದರು. ಮುಂದಿನ ಸಲ ನಿಮ್ಮ ಮನೆಯಲ್ಲೇ ಗಮನಿಸಿ ನೋಡಿ. ಹನ್ನೆರಡು ಜನರನ್ನು ಒಂದೇ ಸಾಲಿನಲ್ಲಿ ಕೂರಿಸಿ ಎಲ್ಲರೂ ಒಟ್ಟಿಗೆ ಮಾತಾಡಲಿ ಅಂತ ಒದ್ದಾಡಬೇಡಿ. ಮೂರು ನಾಲ್ಕು ಜನರ ಗುಂಪು ಆಗುವ ಹಾಗೆ ಕೂರಿಸಿ, ಹೊಸದಾಗಿ ಮನೆಗೆ ಬಂದವರನ್ನು ಮಾತಾಡಿಸುವ ಸ್ವಭಾವದವರ ಪಕ್ಕ ಕೂರಿಸಿ. ಸಿಹಿ ತಿನ್ನುವ ಹೊತ್ತಿಗೆ ಜಾಗ ಬದಲಿಸಿಕೊಳ್ಳಿ.

ಹೆಜ್ಜೆ 5: ಏನು ಮಾತಾಡಬೇಕು, ಏನು ಬೇಡ

ಮದುವೆ ಯಾವಾಗ, ಮಗು ಯಾವಾಗ, ಸಂಬಳ ಎಷ್ಟು, ದಪ್ಪ ಆಗಿದ್ದೀಯಲ್ಲಾ. ಈ ನಾಲ್ಕನ್ನು ಊಟದ ಜಾಗದಲ್ಲಿ ಎತ್ತಬೇಡಿ. ಮಗುವಿಗಾಗಿ ಕಾಯುತ್ತಾ ಆಸ್ಪತ್ರೆಗೆ ಓಡಾಡುತ್ತಿರುವ ದಂಪತಿಗೆ ಎಲ್ಲರ ಮುಂದೆ ಆ ಪ್ರಶ್ನೆ ಬಂದರೆ ಹೇಗಿರುತ್ತದೆ, ಯೋಚಿಸಿ. ಕೆಲಸ ಕಳೆದುಕೊಂಡು ಮೂರು ವಾರ ಆಗಿದ್ದು ಇನ್ನೂ ಯಾರಿಗೂ ಹೇಳದವನೂ ಅಲ್ಲೇ ಕೂತಿರಬಹುದು. ನಮಗೆ ನಿಜವಾಗಿ ಕಾಳಜಿ ಇದ್ದರೆ, ಸಂಜೆ ಇಬ್ಬರೇ ನಡೆಯಲು ಹೋದಾಗ "ಹೇಗಿದ್ದೀಯಾ?" ಅಂತ ಕೇಳಿ ಸುಮ್ಮನಿದ್ದರೆ ಸಾಕು. ಹೇಳುವುದಿದ್ದರೆ ಅವರೇ ಹೇಳುತ್ತಾರೆ.

ಮಕ್ಕಳ ಹತ್ತಿರ ಸಲಹೆ ಕೇಳಿ. ನನ್ನ ಫೋನಿನ ವಿಷಯ, ಬ್ಯಾಂಕಿನ ವಿಷಯ, ನಾನು ಓದುತ್ತಿರುವ ವಿಷಯ. ಅವರು ದೊಡ್ಡವರಾಗಿದ್ದಾರೆ ಅಂತ ಬಾಯಲ್ಲಿ ಹೇಳುವುದಕ್ಕಿಂತ ಇದು ಬೇಗ ಮುಟ್ಟುತ್ತದೆ.

ಅಣ್ಣ ತಂಗಿ ನಡುವೆ ಹಳೇ ಜಗಳ ಎದ್ದರೆ ನ್ಯಾಯ ಹೇಳಲು ಹೋಗಬೇಡಿ. "ಇದು ನೀವಿಬ್ಬರೂ ಆಮೇಲೆ ಮಾತಾಡಿಕೊಳ್ಳಿ" ಅಂತ ಹೇಳಿ ಎದ್ದು ನೀರು ತನ್ನಿ.

ಹೆಜ್ಜೆ 6: ಒಟ್ಟಿಗೆ ಪ್ರವಾಸ

ಮೊದಲ ಸಲ ಆದರೆ ಎರಡು ಮೂರು ರಾತ್ರಿ ಸಾಕು. ಚೆನ್ನಾಗಿ ಆದರೆ ಮುಂದಿನ ಸಲ ಉದ್ದ ಮಾಡಿ. ಜಾಗ ಆರಿಸುವ ಮುಂಚೆ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳಿ: "ಈ ಪ್ರವಾಸದಲ್ಲಿ ನಿನಗೆ ಬೇಕೇ ಬೇಕಾದ ಒಂದು ಯಾವುದು?" ಒಬ್ಬರಿಗೆ ಸುಮ್ನೆ ಮಲಗಬೇಕು, ಒಬ್ಬರಿಗೆ ಬೆಟ್ಟ ಹತ್ತಬೇಕು, ಮೊಮ್ಮಗನಿಗೆ ನೀರಲ್ಲಿ ಆಡಬೇಕು. ಆ ಒಂದೊಂದು ಆಸೆಯೂ ಪಟ್ಟಿಯಲ್ಲಿ ಇರಲಿ. ಉಳಿದದ್ದು ಆದರೆ ಆಯಿತು.

ದಿನಕ್ಕೆ ಒಂದೇ ಒಂದು ಸಲ ಎಲ್ಲರೂ ಒಟ್ಟಿಗೆ ಸೇರುವ ಹಾಗೆ ಇಡಿ, ರಾತ್ರಿ ಊಟ ಅಂತ ಇಟ್ಟುಕೊಳ್ಳಿ. ಮಿಕ್ಕ ಹೊತ್ತು ಅವರವರ ಇಷ್ಟ. ನಾನು ಪ್ಲಾನ್ ಮಾಡಿದ ಆ ಎಂಟು ದಿನದ ಪ್ರವಾಸದಲ್ಲಿ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಎಲ್ಲ ಬರೆದಿಟ್ಟಿದ್ದೆ, ನಾಲ್ಕನೇ ದಿನಕ್ಕೆ ಯಾರ ಮುಖದಲ್ಲೂ ನಗು ಇರಲಿಲ್ಲ. ಈಗ ಅರ್ಧ ದಿನ ಖಾಲಿ ಬಿಡುತ್ತೇವೆ. ವಿಚಿತ್ರ ಅಂದರೆ, ಎಲ್ಲರೂ ತಾವಾಗಿ ಬಂದು ಹರಟೆ ಹೊಡೆಯುವುದು ಆ ಖಾಲಿ ಹೊತ್ತಿನಲ್ಲೇ.

ಮೊಮ್ಮಕ್ಕಳನ್ನು ಯಾರು ಯಾವಾಗ ನೋಡಿಕೊಳ್ಳುತ್ತಾರೆ ಅನ್ನೋದನ್ನೂ ಹೊರಡುವ ಮುಂಚೆ ಮಾತಾಡಿ. ಅಜ್ಜಿ ತಾತ ಇದ್ದಾರಲ್ಲ ಅಂತ ಪ್ರತಿ ಸಂಜೆ ಮಕ್ಕಳನ್ನು ಬಿಟ್ಟುಹೋದರೆ ನಮಗೂ ಸುಸ್ತು. ನಾನಾದರೆ ಮೊದಲೇ ಹೇಳುತ್ತೇನೆ, "ಎರಡು ಸಂಜೆ ಖುಷಿಯಾಗಿ ನೋಡಿಕೊಳ್ತೀನಿ, ನೀವಿಬ್ಬರೂ ಹೋಗಿ ಬನ್ನಿ" ಅಂತ.

ಇನ್ನು ಕಾಗದಪತ್ರ. ಬೇರೆ ದೇಶಕ್ಕೆ ಹೋಗುವುದಾದರೆ ಎಲ್ಲರ ಪಾಸ್‌ಪೋರ್ಟ್ ತೆಗೆದು ನೋಡಿ. ತುಂಬಾ ದೇಶಗಳು ಪಾಸ್‌ಪೋರ್ಟಿನ ಅವಧಿ ಇನ್ನೂ 6 ತಿಂಗಳು ಉಳಿದಿರಬೇಕು ಅನ್ನುತ್ತವೆ. ಟಿಕೆಟ್ಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು, ಮದುವೆಯಾದ ಮೇಲೆ ಹೆಸರು ಬದಲಿಸಿಕೊಂಡವರು ಇಲ್ಲಿ ಎಡವುತ್ತಾರೆ. ಮೊಮ್ಮಕ್ಕಳನ್ನು ಅಪ್ಪ ಅಮ್ಮ ಇಲ್ಲದೆ ನೀವೇ ಕರೆದುಕೊಂಡು ಹೋಗುವುದಾದರೆ ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ, ಕೆಲವು ದೇಶಗಳು ಅದನ್ನು ನೋಟರಿ ಮಾಡಿಸಿರಬೇಕು ಅನ್ನುತ್ತವೆ. ಗರ್ಭಿಣಿ ಇದ್ದರೆ ವಿಮಾನ ಕಂಪನಿಯ ನಿಯಮ ಓದಿ: 28 ವಾರ ಆದಮೇಲೆ ಡಾಕ್ಟರ್ ಪತ್ರ ಕೇಳುವುದು, 36 ವಾರ ಆದಮೇಲೆ ಹತ್ತಿಸಿಕೊಳ್ಳದಿರುವುದು ಹಲವು ಕಡೆ ಇದೆ. ಅವಳಿ ಮಕ್ಕಳಾದರೆ ಇನ್ನೂ ಬೇಗ ನಿಲ್ಲಿಸುತ್ತಾರೆ. ಗಾಲಿಕುರ್ಚಿ ಬೇಕಿದ್ದರೆ ಕನಿಷ್ಠ 48 ಗಂಟೆ ಮುಂಚೆ ತಿಳಿಸಿ.

ಔಷಧಿಯನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಸೂಟ್‌ಕೇಸ್ ಬೇರೆ ಊರಿಗೆ ಹೋದರೆ ರಾತ್ರಿಯ ಬಿಪಿ ಮಾತ್ರೆಗೆ ಎಲ್ಲಿ ಹೋಗುತ್ತೀರಿ? ಮಾತ್ರೆ ಅದರ ಮೂಲ ಸ್ಟ್ರಿಪ್‌ನಲ್ಲೇ ಇರಲಿ, ಡಾಕ್ಟರ್ ಚೀಟಿ ಜೊತೆಗಿರಲಿ, ಕಂಪನಿಯ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಬರೆಸಿಕೊಳ್ಳಿ, ಯಾಕೆಂದರೆ ಅದೇ ಮಾತ್ರೆಗೆ ಬೇರೆ ದೇಶದಲ್ಲಿ ಬೇರೆ ಹೆಸರು ಇರುತ್ತದೆ. ಇನ್ಶೂರೆನ್ಸ್ ಮಾಡಿಸುವಾಗ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಏನಿದ್ದರೂ ಮುಚ್ಚಿಡದೆ ಹೇಳಿ. ಪವರ್ ಬ್ಯಾಂಕ್ ಸಹ ಕೈಚೀಲದಲ್ಲೇ ಹೋಗಬೇಕು.

ಕೂತು ಕೂತು ಪ್ರಯಾಣ ಮಾಡುವುದರ ಬಗ್ಗೆ ಒಂದು ಎಚ್ಚರಿಕೆ. 4 ಗಂಟೆಗಿಂತ ಜಾಸ್ತಿ ಅಲ್ಲಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಅಪಾಯ ಒಟ್ಟಿನಲ್ಲಿ ಕಡಿಮೆಯೇ, ಹೆದರಬೇಕಿಲ್ಲ. ಆದರೆ ಇದು ವಿಮಾನಕ್ಕೆ ಮಾತ್ರ ಅಲ್ಲ, ಕಾರು, ಬಸ್ಸು, ರೈಲಿಗೂ ಅನ್ವಯ. ಕಾರಾದರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ ಎಲ್ಲರೂ ಇಳಿದು ನಡೆಯಿರಿ. "ಬೇಗ ತಲುಪೋಣ" ಅಂತ ಮಗ ಅವಸರ ಮಾಡಿದರೂ ನಿಲ್ಲಿಸಲು ಹೇಳಿ. ಎತ್ತರದ ಜಾಗಕ್ಕೆ ಹೋಗುವುದಾದರೆ, 2500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ ಶುರುವಾಗಬಹುದು, ವಯಸ್ಸು ಎಷ್ಟೇ ಇರಲಿ, ಗಟ್ಟಿಮುಟ್ಟಾದ ಮಗನಿಗೂ ಆಗುತ್ತದೆ. ಮೊದಲ ದಿನ ಸುಮ್ನೆ ಮಲಗಿ, ಏನೂ ಇಟ್ಟುಕೊಳ್ಳಬೇಡಿ. ಜಾಸ್ತಿಯಾದರೆ ಕೆಳಗೆ ಇಳಿಯುವುದೇ ಮದ್ದು.

ಕೊನೆಯ ದಿನವನ್ನು ಚೆನ್ನಾಗಿ ಇಟ್ಟುಕೊಳ್ಳಿ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಕೊರೆಯುವ ತಣ್ಣೀರಿನಲ್ಲಿ ಒಂದು ಸಲ 60 ಸೆಕೆಂಡ್ ಕೈ ಇಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡ್, ಅದರ ಮೇಲೆ ನೀರನ್ನು ಚೂರು ಬೆಚ್ಚಗೆ ಮಾಡಿ ಇನ್ನೂ 30 ಸೆಕೆಂಡ್. ಮತ್ತೊಮ್ಮೆ ಇಡುವುದಾದರೆ ಯಾವುದು ಬೇಕು ಅಂತ ಕೇಳಿದರೆ ಜಾಸ್ತಿ ಜನ ಎರಡನೆಯದನ್ನೇ ಆರಿಸಿದರು. ನೋವು ಹೆಚ್ಚು ಹೊತ್ತು, ಆದರೂ ಮುಗಿದ ರೀತಿ ಚೆನ್ನಾಗಿತ್ತು, ಅದೇ ನೆನಪಿನಲ್ಲಿ ಉಳಿಯಿತು. ಹಾಗಾಗಿ ಪ್ಯಾಕಿಂಗ್, ಲೆಕ್ಕಾಚಾರ, ಓಡಾಟವನ್ನು ಹಿಂದಿನ ದಿನವೇ ಮುಗಿಸಿ, ಕೊನೆಯ ಬೆಳಿಗ್ಗೆ ನಿಧಾನವಾಗಿ ಒಟ್ಟಿಗೆ ತಿಂಡಿ ತಿನ್ನಿ.

ಹೆಜ್ಜೆ 7: ಯಾರಾದರೂ ಬರಲಾಗದಿದ್ದರೆ

"ನೀನಿಲ್ಲದೆ ಹಬ್ಬವೇ ಇಲ್ಲ" ಅನ್ನುವ ಮಾತು ಪ್ರೀತಿಯದ್ದೇ, ಆದರೆ ಕೇಳುವವರ ಎದೆ ಮೇಲೆ ಕಲ್ಲು ಇಟ್ಟ ಹಾಗೆ. ಬರಲಾಗದವರಿಗೆ ಮೊದಲೇ ಸಮಯ ಹೇಳಿ ಹದಿನೈದು ನಿಮಿಷ ವಿಡಿಯೋ ಕಾಲ್ ಮಾಡಿ, ಊಟದ ಗಲಾಟೆಯ ನಡುವೆ ಬೇಡ, ಆ ಕಡೆಯವರಿಗೆ ಏನೂ ಕೇಳಿಸುವುದಿಲ್ಲ. ಊಟ ಆದಮೇಲೆ ಫೋನನ್ನು ಒಬ್ಬೊಬ್ಬರ ಕೈಗೆ ಕೊಟ್ಟು ಒಬ್ಬೊಬ್ಬರೇ ಮಾತಾಡಲಿ. ಬಂದವರ ಮುಂದೆ ಬಾರದವರ ಬಗ್ಗೆ ದೂರಬೇಡಿ, ಮುಂದಿನ ವರ್ಷ ಅವರಿಗೂ ಹೀಗೇ ಆಗಬಹುದು ಅಂತ ಅವರೂ ಕೇಳಿಸಿಕೊಳ್ಳುತ್ತಿರುತ್ತಾರೆ.

ಹೆಜ್ಜೆ 8: ಹೋದ ಮೇಲೆ

ವಾರದೊಳಗೆ ಎಲ್ಲರ ಫೋಟೋಗಳನ್ನು ಒಂದೇ ಕಡೆ ಹಾಕಿಸಿ, ತಡವಾದರೆ ಅದು ಆಗುವುದೇ ಇಲ್ಲ. ಮೊಮ್ಮಕ್ಕಳ ಫೋಟೋ ಹೊರಗೆ ಹಾಕುವ ಮುಂಚೆ ಅವರ ಅಪ್ಪ ಅಮ್ಮನನ್ನು ಕೇಳಿ. ಖರ್ಚಿನ ಲೆಕ್ಕವನ್ನೂ ಅದೇ ವಾರ ಮುಗಿಸಿ. ಆಮೇಲೆ ಪ್ರತಿಯೊಬ್ಬರಿಗೂ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಯಾವುದು ಇಷ್ಟವಾಯಿತು, ಮುಂದಿನ ಸಲ ಯಾವುದನ್ನು ಬಿಡೋಣ? ಬಿಡೋಣ ಅಂತ ಹೇಳಿದ್ದು ನಮಗೆ ತುಂಬಾ ಇಷ್ಟದ್ದಾಗಿರಬಹುದು. ವಾದ ಮಾಡಬೇಡಿ, ಬರೆದಿಟ್ಟುಕೊಳ್ಳಿ.

ನಮ್ಮ ಮನೆಯಲ್ಲಿ ಈ ವರ್ಷದ ತಾರೀಖು ಗೊತ್ತುಮಾಡಿದ್ದು ಮಗಳು. ಮೂರು ದಿನ ಕೊಟ್ಟು, ಉತ್ತರ ಯಾವಾಗ ಬೇಕು ಅಂತಲೂ ಬರೆದು ಎಲ್ಲರಿಗೂ ಕಳಿಸಿದ್ದಳು. ನನ್ನ ಪಾಲಿಗೆ ಬಂದಿರುವುದು ಒಂದು ಸಿಹಿ ಮತ್ತು ಮೊದಲ ದಿನ ಸಂಜೆ ಮಕ್ಕಳನ್ನು ನೋಡಿಕೊಳ್ಳೋದು. ಯಾವ ಸಿಹಿ ಅಂತ ಕೇಳಿದೆ. "ಅದು ನಿನ್ನಿಷ್ಟ ಅಮ್ಮಾ" ಅಂದಳು.